ಕೂಗುವ ಪಿಕಪ್ಪು, ಹೊರಡದ ಪಿಕಪ್ಪು

ಬೇಡವಾದಾಗಲೆಲ್ಲ ಕೇರಿ ಹಾರಿಹೋಗುವಂತೆ ಕೂಗುತ್ತಿದ್ದ ಪಿಕಪ್ಪು, ಬೇಕೇಬೇಕಾದ ಈ ಭಾನುವಾರ ಬೆಳಿಗ್ಗೆ ಬಾಯಿ ಮುಚ್ಚಿಕೊಂಡು ಕೂತಿತ್ತು. ವೈಜಯಂತಿ ಕೀ ತಿರುಗಿಸಿದಳು. ಎಂಜಿನ್ ಗುರ್ ಎಂದು ಹಿಡಿದುಕೊಂಡಿತು. ಅವಳು ಉಸಿರು ಬಿಡುವಷ್ಟರಲ್ಲಿ ಆರಿಹೋಯಿತು. ಮತ್ತೆ ತಿರುಗಿಸಿದಳು. ಮತ್ತೆ ಅದೇ ಕಥೆ. ಸ್ಪೀಡೋಮೀಟರಿನ ಪಕ್ಕ ಕೀಲಿಯ ಚಿತ್ರವಿದ್ದ ಪುಟ್ಟ ಕೆಂಪು ದೀಪವೊಂದು ಅಣಕಿಸುವ ಹಾಗೆ ಕಣ್ಣು ಮಿಟುಕಿಸುತ್ತಿತ್ತು.

“ಏನಾಯ್ತೇ?” ಮೊದಲ ಮಹಡಿಯ ಬಾಲ್ಕನಿಯಿಂದ ಗಂಡ ರಾಘವ ಕೇಳಿದ.

“ಆಗ್ಬೇಕಾದ್ದೇ ಆಯ್ತು. ನಿಮಗೆ ಸಂತೋಷ ತಾನೆ?”

ರಾಘವ ಚಪ್ಪಲಿ ಮೆಟ್ಟಿಕೊಂಡು ಇಳಿದು ಬಂದ.

ದಿಲ್ಲಿಯ ಮುನಿರ್ಕಾದಲ್ಲಿ ವೈಜಯಂತಿ ತನ್ನ ಅಡುಗೆ ವ್ಯಾಪಾರಕ್ಕೆಂದು ಬಾಡಿಗೆಗೆ ಹಿಡಿದಿದ್ದ ಅಡುಗೆಮನೆಯಲ್ಲಿ ಬಿಸಿಬೇಳೆ ಬಾತು, ಕೋಸಂಬರಿ, ಹೋಳಿಗೆ ಎಲ್ಲ ಸಿದ್ಧವಾಗಿ, ಪಾತ್ರೆಗಳ ಬಾಯಿ ಕಟ್ಟಿ ಇಡಲಾಗಿದೆ ಎಂದು ಅಡುಗೆಯವಳು ಆಗಲೇ ಫೋನ್ ಮಾಡಿದ್ದಳು. ಅಷ್ಟನ್ನೂ ತುಂಬಿಕೊಂಡು ಗ್ರೇಟರ್ ನೋಯ್ಡಾಕ್ಕೆ, ಅಪೂರ್ವ ಎಂಬ ಹುಡುಗಿಯ ಸೀಮಂತಕ್ಕೆ, ಊಟದ ಹೊತ್ತಿಗೆ ಮುಟ್ಟಿಸಬೇಕು. ಆದರೆ ವೈಜಯಂತಿಯ ದೊಡ್ಡ ಚಿಂತೆ ಅದಲ್ಲ. ಇವತ್ತು ಸಂಜೆ ಈ ಪಿಕಪ್ಪನ್ನು ನೋಡಲು ಹಳೇ ಗಾಡಿಗಳ ವ್ಯಾಪಾರಿಯೊಬ್ಬ ಬರುವವನಿದ್ದ. ಕರೆಸಿದವನು ರಾಘವ. ಗಾಡಿ ಹೋದರೆ ಅವಳ ಅಡುಗೆಯ ಕೆಲಸವೂ ಹೋದಂತೆಯೇ. ಟೆಂಪೋದವರನ್ನು ನಂಬಿ ಎರಡು ವರ್ಷ ಸೋತು ಸುಣ್ಣವಾದ ಮೇಲೆಯೇ ಅವಳು ಡ್ರೈವಿಂಗ್ ಕಲಿತು, ಗುರಗಾಂವ್‌ನ ಒಬ್ಬರಿಂದ ಈ ಡಬಲ್ ಕ್ಯಾಬಿನ್ ಗಾಡಿಯನ್ನು ಕೊಂಡಿದ್ದು.

ಮಾರುವುದಕ್ಕೆ ರಾಘವನಿಗಿದ್ದ ಕಾರಣ ಒಂದೇ, ಅದರ ಕೂಗು. ಆರ್.ಕೆ.ಪುರಂನ ಈ ಕ್ವಾರ್ಟರ್ಸಿಗೆ ಬಂದ ದಿನದಿಂದ ಪಿಕಪ್ಪಿನ ಕಳ್ಳತನದ ಅಲಾರಂ ಹೊತ್ತಿಲ್ಲ ಗೊತ್ತಿಲ್ಲ ಎಂದು ಬಡಿದುಕೊಳ್ಳುತ್ತಿತ್ತು. ಸಂಧ್ಯಾಕಾಲ, ಬೆಳಗಿನ ಕಾಫಿಯ ಹೊತ್ತು, ಭಾನುವಾರದ ನಿದ್ದೆ, ಯಾವುದಕ್ಕೂ ಮರ್ಯಾದೆ ಇಲ್ಲ. ಒಮ್ಮೆ ಬೆಕ್ಕಿನ ಮೇಲೆ ಅನುಮಾನ, ಒಮ್ಮೆ ಬೇವಿನ ಮರದ ಕಾಯಿ ಮೇಲೆ. ಮೆಕ್ಯಾನಿಕ್ ಬಂದು ಸೆನ್ಸರ್ ಸಡಿಲ ಮಾಡಿ ಹೋದ. ಕೂಗು ನಿಲ್ಲಲಿಲ್ಲ. ವಿಚಿತ್ರವೆಂದರೆ ಮುನಿರ್ಕಾದ ಗಲ್ಲಿಯಲ್ಲಿ, ರಿಂಗ್ ರೋಡಿನ ಜಾಮಿನಲ್ಲಿ, ಮಂಡಿಯ ಗದ್ದಲದಲ್ಲಿ ಅದು ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಮನೆಯ ಮುಂದೆ ಮಾತ್ರ ಈ ಪ್ರತಾಪ.

ಅದೂ ಸಹಿಸಬಹುದಿತ್ತು. ಆದರೆ ಮೇಲಿನ ಮನೆಯಲ್ಲಿದ್ದವರು ಸಕ್ಸೇನಾ ಸಾಹೇಬರು. ಸರ್ಕಾರಿ ಕಚೇರಿಯಲ್ಲಿ ರಾಘವನ ಸೆಕ್ಷನ್ನಿಗೆ ಅವರೇ ಮೇಲಧಿಕಾರಿ, ಅಂಡರ್ ಸೆಕ್ರೆಟರಿ. ಅವನ ವಾರ್ಷಿಕ ವರದಿ ಬರೆಯುವ ಕೈ ಅವರದೇ. ಹೋದ ವಾರ ಕಡತವೊಂದಕ್ಕೆ ಸಹಿ ಹಾಕುತ್ತ ಅವರು, “ರಾಘವ್ ಜೀ, ನಿಮ್ಮ ಗಾಡಿಗೆ ನಿದ್ದೆ ಬರುವುದಿಲ್ಲವೋ, ನಮಗೆ ಬರಬಾರದೆಂದೋ?” ಎಂದು ಹಿಂದಿಯಲ್ಲಿ ಕೇಳಿದ್ದರಂತೆ. ಆ ಸಂಜೆಯೇ ರಾಘವ ವ್ಯಾಪಾರಿಗೆ ಫೋನ್ ಮಾಡಿದ್ದ.

“ಬಾನೆಟ್ ತೆಗಿ,” ಎಂದ ಈಗ. “ಅದೇ ದರಿದ್ರ ಅಲಾರಂ ಎಂಜಿನ್ನನ್ನ ಹಿಡ್ಕೊಂಡಿದೆ. ಬ್ಯಾಟರಿ ವೈರ್ ಕಿತ್ತು ಹಾಕಿದ್ರೆ ಬುದ್ಧಿ ಬರುತ್ತೆ.”

“ರೀ, ಗೊತ್ತಿಲ್ದೆ ಕೈ ಹಾಕ್ಬೇಡಿ.”

“ಗೊತ್ತಿದ್ದವರು ಯಾರಿದ್ದಾರೆ ಇಲ್ಲಿ?”

ವೈರ್ ಕಿತ್ತ. ಸ್ವಲ್ಪ ಹೊತ್ತು ಸೊಂಟದ ಮೇಲೆ ಕೈಯಿಟ್ಟು ನಿಂತು, ಪುನಃ ಸಿಕ್ಕಿಸಿದ. ಸಿಕ್ಕಿಸಿದ ಮರುಕ್ಷಣ ಪಿಕಪ್ಪು ನಾಲ್ಕೂ ದೀಪ ಹೊತ್ತಿಸಿಕೊಂಡು ಊರೇ ಹತ್ತಿ ಉರಿಯುತ್ತಿದೆಯೇನೋ ಎಂಬಂತೆ ಅರಚಿತು. ರಾಘವ ಸ್ಪ್ಯಾನರ್ ಬಿಸಾಡಿ ಹಿಂದಕ್ಕೆ ಹಾರಿದ. ಮೇಲಿನ ಮನೆಯ ಕಿಟಕಿಯ ಪರದೆ ಸರಿಯಿತು. ವೈಜಯಂತಿ ಕೀಯ ಗುಂಡಿ ಒತ್ತಿ ಅದರ ಬಾಯಿ ಮುಚ್ಚಿಸಿದಳು.

“ಬಂತಾ ಬುದ್ಧಿ?” ಎಂದಳು. “ಅದಕ್ಕಲ್ಲ, ನಿಮಗೆ.”

ಕಂಪನಿಯ ಸಹಾಯವಾಣಿಗೆ ಫೋನ್ ಹಚ್ಚಿದಳು. ಒಂದಷ್ಟು ಹೊತ್ತು ಕೊಳಲು ನುಡಿಯಿತು. ಆಮೇಲೆ ಬಂದವನು ಹೆಸರು ಕೇಳಿದ, ಗಾಡಿಯ ನಂಬರು ಕೇಳಿದ, ತಮ್ಮ ಸೇವೆ ತೃಪ್ತಿ ತಂದಿತೇ ಎಂದು ಕೇಳಿದ, ಸೋಮವಾರ ಜನ ಕಳಿಸುವುದಾಗಿ ಹೇಳಿ ಇಟ್ಟುಬಿಟ್ಟ. ವೈಜಯಂತಿ ಸ್ಟಿಯರಿಂಗಿನ ಮೇಲೆ ಹಣೆಯಿಟ್ಟಳು. ಬೆಳಗಿನ ಜಾವ ಎದ್ದು ಫೋನಿನಲ್ಲೇ ಹೇಳಿ ಹೇಳಿ ಹೋಳಿಗೆಯ ಹೂರಣ ರುಬ್ಬಿಸಿದವಳು; ಈಗ ಒಂದು ತಗಡಿನ ಡಬ್ಬಿಯ ಕಾಲು ಹಿಡಿಯಬೇಕು.

“ಅಮ್ಮಾ, ಮ್ಯಾನ್ಯುವಲ್ ಸಿಕ್ತು!” ಹನ್ನೊಂದನೇ ಕ್ಲಾಸಿನ ಮಗಳು ಅನನ್ಯಾ ಫೋನ್ ನೋಡುತ್ತಲೇ ಮೆಟ್ಟಿಲಿಳಿದು ಬಂದಳು. ದಿಲ್ಲಿಯಲ್ಲೇ ಹುಟ್ಟಿ ಬೆಳೆದವಳ ಕನ್ನಡ ಅರ್ಧ ದಾರಿಯಲ್ಲಿ ಹಿಂದಿಗೆ ಬಸ್ ಬದಲಿಸುತ್ತಿತ್ತು. “ಸುನೋ ನಾ. ಯೇ ದೋ ಅಲಗ್ ಚೀಜ್ ಹೈ. ಅಲಾರಂ ಬೇರೆ, ಇಮ್ಮೊಬಿಲೈಜರ್ ಬೇರೆ. ಅಲಾರಂ ಸಿರ್ಫ್ ಚಿಲ್ಲಾತಾ ಹೈ, ಕೂಗುತ್ತೆ ಅಷ್ಟೇ. ಎಂಜಿನ್‌ಗೆ ಅದು ಏನೂ ಮಾಡಲ್ಲ.”

“ಮತ್ತೆ ಎಂಜಿನ್ ಹಿಡ್ಕೊಂಡಿರೋದು ಯಾರು?”

“ಇಮ್ಮೊಬಿಲೈಜರ್. ಕೀ ತಲೆ ಒಳಗೆ ಚಿಪ್ ಇರುತ್ತಂತೆ. ಕೀ ಹಾಕಿದ ಕೂಡಲೆ ಗಾಡಿ ಅದರ ಹೆಸರು ಕೇಳುತ್ತೆ. ಸರಿಯಾದ ಹೆಸರು ಹೇಳಿದ್ರೆ ಎಂಜಿನ್ ಬಿಡುತ್ತೆ. ವರ್ನಾ ಬಂದ್.”

“ಹೇಳ್ತಿದೆಯಲ್ಲ! ಇದು ಇದರದೇ ಕೀ. ನಿನ್ನೆವರೆಗೆ ಹೇಳ್ತಿತ್ತು, ಇವತ್ತೇನು ಮೂಗಿ ಆಯ್ತಾ?” ರಾಘವ ರೇಗಿದ.

ವೈಜಯಂತಿ ತಲೆಯೆತ್ತಿ ಕೈಯಲ್ಲಿದ್ದ ಗೊಂಚಲನ್ನು ನೋಡಿದಳು. ಮನೆಯ ಎಲ್ಲ ಬೀಗದ ಕೈಗಳೂ ಇದ್ದ, ಬೆಳ್ಳಿಯ ಕೊಕ್ಕೆಯ ಗೊಂಚಲು ಅದು. ಅತ್ತೆ ಲೀಲಾವತಮ್ಮನವರದ್ದು. ತುಮಕೂರಿನ ಮನೆ ಬಿಟ್ಟು ದಿಲ್ಲಿಯಲ್ಲಿದ್ದ ಮಗನ ಜೊತೆ ಇರಲು ಬಂದಾಗ ಅವರು ಪೆಟ್ಟಿಗೆಯಲ್ಲಿ ಹಾಕದೆ ಸೊಂಟಕ್ಕೆ ಸಿಕ್ಕಿಸಿಕೊಂಡೇ ತಂದದ್ದು. ಅದರಲ್ಲಿದ್ದ ಅರ್ಧ ಬೀಗದ ಕೈಗಳಿಗೆ ಈಗ ಬೀಗವೇ ಇಲ್ಲ. ಆದರೂ ಈ ಮನೆಗೆ ಬಂದ ಯಾವ ಕೀಲಿಯೂ ಆ ಗೊಂಚಲಿಗೆ ಸೇರದೆ ಇರುವಂತಿಲ್ಲ. ಬೆಳಿಗ್ಗೆ ವೈಜಯಂತಿ ಇಡೀ ಗೊಂಚಲನ್ನೇ ಇಸಿದುಕೊಂಡು ಹೋಗಬೇಕು, ಸಂಜೆ ಬಂದ ಕೂಡಲೆ ಕಾಲು ತೊಳೆಯುವ ಮೊದಲು ಒಪ್ಪಿಸಬೇಕು. ಆರು ವರ್ಷದಿಂದ ಅದೇ ಪದ್ಧತಿ.

ಪಿಕಪ್ಪಿನ ಕೀ ಪಕ್ಕದಲ್ಲೇ ಅದರ ಅವಳಿಯೊಂದು ನೇತಾಡುತ್ತಿತ್ತು. ಗಾಡಿ ಮಾರಿದವರು ಹುಡುಕಿ ತೆಗೆದು ನಿನ್ನೆ ಸಂಜೆ ಕಳಿಸಿಕೊಟ್ಟಿದ್ದ ಇನ್ನೊಂದು ಕೀ.

“ಅನನ್ಯಾ, ಹತ್ತಿರ ಇನ್ನೊಂದು ಕೀ ಇದ್ರೆ ಏನಾದ್ರೂ ಆಗುತ್ತಾ ನೋಡು.”

ಹುಡುಗಿಯ ಹೆಬ್ಬೆರಳು ಫೋನಿನ ಮೇಲೆ ಓಡಿತು. “ಅರೇ, ಹಾಂ! ಚಿಪ್ ಇರೋ ಬೇರೆ ಕೀ ಪಾಸ್ ಮೇ ಇರಬಾರದು ಅಂತ ಬರೆದಿದೆ. ದೋನೋ ಏಕ್ ಸಾಥ್ ಮಾತಾಡಿದ್ರೆ ಗಾಡಿಗೆ ಒಂದೂ ಅರ್ಥ ಆಗಲ್ಲ.”

“ನಿಮ್ಮಪ್ಪ, ನಿಮ್ಮಜ್ಜಿ ಒಟ್ಟಿಗೆ ಮಾತಾಡಿದ ಹಾಗೆ,” ಎಂದು ವೈಜಯಂತಿ ಉಗುರು ಹಾಕಿ ಉಂಗುರ ಬಿಡಿಸತೊಡಗಿದಳು.

ಅಷ್ಟು ಹೊತ್ತಿಗೆ ಲೀಲಾವತಮ್ಮ, ಕೈಯಲ್ಲೊಂದು ನಿಂಬೆಹಣ್ಣು ಹಿಡಿದು, ಕಂಬಿ ಹಿಡಿದು ಇಳಿಯುತ್ತಿದ್ದವರು ಮೆಟ್ಟಿಲಲ್ಲೇ ನಿಂತರು. “ಏನೇ ಅದು? ಗೊಂಚಲು ಯಾಕೆ ಬಿಚ್ತಾ ಇದೀಯ?”

“ಇವೆರಡು ಜೊತೇಲಿ ಇರ್ಬಾರ್ದಂತೆ ಅತ್ತೆ.”

“ಜೋಡಿ ಬೀಗದ ಕೈ ಅಗಲಿಸಬಾರದು ಅಂತ ನಮ್ಮ ಕಡೆ. ಒಂದು ಕಳೆದುಹೋದ್ರೆ ಇನ್ನೊಂದೂ ಹೋಗುತ್ತೆ. ನಿನ್ನೆ ಎಷ್ಟು ಕಷ್ಟಪಟ್ಟು ಪೋಣಿಸಿದೀನಿ ಗೊತ್ತಾ?”

“ಗೊತ್ತು. ಗಾಡಿಗೂ ಗೊತ್ತಾಯ್ತು.”

ಒಂದೇ ಕೀ ಬಿಡಿಸಿಕೊಂಡು, ಗೊಂಚಲನ್ನು ಅತ್ತೆಯ ಕೈಗೆ ತಿರುಗಿಸಿ, ವೈಜಯಂತಿ ಗಾಡಿ ಹತ್ತಿದಳು. ತಿರುಗಿಸಿದಳು. ಎಂಜಿನ್ ಹಿಡಿಯಿತು, ಬಿಡಲಿಲ್ಲ. ಕೆಂಪು ದೀಪ ತಣ್ಣಗಾಯಿತು. ಅನನ್ಯಾ ಕುಣಿದಳು. ವೈಜಯಂತಿ ಗಾಡಿಯನ್ನು ನಾಲ್ಕು ಮಾರು ಹಿಂದಕ್ಕೆ ತಂದು, ಎಂಜಿನ್ ಆರಿಸಿ, ಕೆಳಗಿಳಿದು ಹಿಂಬದಿಯ ಟಾರ್ಪಾಲು ಸರಿಪಡಿಸಹೊರಟಳು.

“ಸರಿ, ಒಳ್ಳೇದಾಯ್ತು, ಹೊರಡು. ಸಂಜೆ ಅವನು ಬರೋದ್ರೊಳಗೆ ತೊಳೆಸಿಟ್ಟಿರು,” ಎಂದ ರಾಘವ.

“ಸ್ಟಾರ್ಟ್ ಆಯ್ತಲ್ರೀ!”

“ಸ್ಟಾರ್ಟ್ ಆಗಲ್ಲ ಅನ್ನೋ ಕಂಪ್ಲೇಂಟ್ ಯಾವಾಗ ಇತ್ತು ನಂಗೆ? ಕೂಗೋದು ನಿಂತಿದೆಯಾ? ಮಗಳೇ ಹೇಳಿದ್ಲಲ್ಲ, ಅದು ಬೇರೆ ಇದು ಬೇರೆ.”

ಇವನಿಗೆ ಅರ್ಥವಾಗಬಾರದ ಹೊತ್ತಿನಲ್ಲೇ ಎಲ್ಲ ಅರ್ಥವಾಗುತ್ತದೆ ಎಂದು ವೈಜಯಂತಿ ಹಲ್ಲು ಕಡಿದಳು. ಅಷ್ಟರಲ್ಲಿ ಲೀಲಾವತಮ್ಮ ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿ, ಸೆರಗು ಬಿಗಿದು, ಮುಂದಿನ ಚಕ್ರದ ಕೆಳಗೆ ನಿಂಬೆಹಣ್ಣು ಇಡಲು ಬಗ್ಗಿದರು.

ಪಿಕಪ್ಪು ಕಿರುಚಿತು.

ಲೀಲಾವತಮ್ಮ “ಅಯ್ಯೋ ರಾಮಾ” ಎಂದು ನೆಟ್ಟಗಾದರು. ರಾಘವ ಎರಡೂ ಕಿವಿ ಮುಚ್ಚಿಕೊಂಡ. ವೈಜಯಂತಿ ಮಾತ್ರ ಅಲ್ಲಾಡಲಿಲ್ಲ. ಅವಳ ಕಣ್ಣು ಅತ್ತೆಯ ಸೊಂಟದ ಮೇಲೆ ನಟ್ಟಿತ್ತು. ದೇವರಿಗೆ ನಮಸ್ಕಾರ ಹಾಕುವಾಗ, ಬಾಗಿಲಿಗೆ ರಂಗೋಲಿ ಎಳೆಯುವಾಗ, ಮಂಚದಡಿಯಿಂದ ಚಪ್ಪಲಿ ತೆಗೆಯುವಾಗ...

“ಅತ್ತೆ,” ಎಂದು ಕೂಗಿನ ಮೇಲೆ ಕೂಗಿ ಹೇಳಿದಳು, “ಇನ್ನೊಂದು ಸಲ ಬಗ್ಗಿ!”

“ಏನೇ? ಈ ವಯಸ್ಸಲ್ಲಿ ನಾನೇನು ಡ್ರಿಲ್ ಮಾಡ್ಲಾ?”

“ಒಂದೇ ಸಲ! ನಿಮ್ಮ ದಮ್ಮಯ್ಯ!”

ಗೊಣಗುತ್ತ ಬಗ್ಗಿದರು. ಕೂಗು ತಟ್ಟನೆ ನಿಂತಿತು.

ವೈಜಯಂತಿ ಗೊಂಚಲಿನಲ್ಲಿದ್ದ ಜೋಡಿ ಕೀಯ ಕಡೆ ಬೆರಳು ಮಾಡಿದಳು. ಕೀಯ ತಲೆಯ ಮೇಲೆ ಕೆಂಪು ಗುಂಡಿಯೊಂದಿತ್ತು, ಆಪತ್ತಿನಲ್ಲಿ ಒತ್ತಿ ಜನರನ್ನು ಕರೆಯಲೆಂದು ಕೊಟ್ಟಿದ್ದು. ಅತ್ತೆಯ ಹೊಟ್ಟೆಯ ಮಡಿಕೆಗೂ ಬೆಳ್ಳಿ ಕೊಕ್ಕೆಗೂ ನಡುವೆ ಸಿಕ್ಕಿ, ಬಗ್ಗಿದಾಗಲೆಲ್ಲ ಅದು ಒತ್ತಿಹೋಗುತ್ತಿತ್ತು. ಮೊದಲು ಹಳೆಯ ಕೀ, ಈಗ ಅದರ ಜೋಡಿ. ಗುಂಡಿಯೇನೋ ಅದೇ ಗುಂಡಿ.

“ಅಜ್ಜೀ! ಆಪ್ ಥೀ? ನೀವಾ?” ಅನನ್ಯಾಳಿಗೆ ನಗು ತಡೆಯಲಾಗಲಿಲ್ಲ. ಲೀಲಾವತಮ್ಮ ಗೊಂಚಲನ್ನು ಅಂಗೈಯಿಂದ ಮುಚ್ಚಿಕೊಂಡರು. ಮುಖ ಸಣ್ಣದಾಗಿತ್ತು.

ಸರಿಯಾಗಿ ಆಗಲೇ ಸಕ್ಸೇನಾ ಸಾಹೇಬರು ಇಳಿದು ಬಂದರು, ಕೈಯಲ್ಲಿ ತಮ್ಮ ಕಾರಿನ ಕೀ. “ರಾಘವ್ ಜೀ, ಸಂಡೇ ಕೋ ಭೀ?” ಭಾನುವಾರವೂ ಬಿಡುವಿಲ್ಲವೇ ಎಂಬ ಧಾಟಿ.

“ಸಾರಿ ಸರ್, ಸಾರಿ...”

“ಪತಾ ಚಲ್ ಗಯಾ, ಸರ್,” ಎಂದಳು ವೈಜಯಂತಿ. “ಅಲಾರಂ ಕಾ ಬಟನ್ ದಬ್ ಜಾತಾ ಥಾ. ಅಬ್ ನಹೀ ಬಜೇಗಾ.” ಗುಂಡಿ ಒತ್ತಿಹೋಗುತ್ತಿತ್ತು, ಇನ್ನು ಕೂಗದು ಎಂದು ಮಾತು ಕೊಟ್ಟಳು.

“ಅಚ್ಛಾ? ಕಿಸ್ ಸೇ ದಬ್ ಜಾತಾ ಥಾ?”

ಯಾರ ಕೈಯಿಂದ ಎಂಬ ಪ್ರಶ್ನೆಗೆ ವೈಜಯಂತಿ ಅತ್ತೆಯ ಕಡೆ ನೋಡಿದಳು. ಹಿಂದಿ ಅರೆಬರೆ ಬರುತ್ತಿದ್ದ ಅತ್ತೆ, ಪ್ರಶ್ನೆ ತಮ್ಮ ಬಗ್ಗೆಯೇ ಎಂದು ತಿಳಿದವರಂತೆ ಚಕ್ರದ ಕಡೆ ನೋಡುತ್ತಿದ್ದರು.

“ಮುಝ್ ಸೇ, ಸರ್,” ಎಂದ ರಾಘವ. “ಮೇರೀ ಜೇಬ್ ಮೇ ರಹತೀ ಥೀ. ಮೇರೀ ಗಲತೀ.” ಕೀ ತನ್ನ ಜೇಬಿನಲ್ಲಿರುತ್ತಿತ್ತು, ತಪ್ಪು ತನ್ನದೇ ಎಂದು ಒಪ್ಪಿಕೊಂಡ.

ಸಾಹೇಬರು ಅವನ ಹೊಟ್ಟೆಯನ್ನೊಮ್ಮೆ ನೋಡಿ, “ವಜನ್ ಕಮ್ ಕೀಜಿಯೇ,” ಎಂದು ತೂಕ ಇಳಿಸಲು ಉಪದೇಶಿಸಿ, ತಮ್ಮ ಕಾರಿನತ್ತ ನಡೆದರು. ಕಾರಿನ ಹಿಂದೆ ಅಡ್ಡಲಾಗಿ ಪಿಕಪ್ಪು ನಿಂತಿತ್ತು.

ಸಾಹೇಬರ ಎದುರು ಕೆಮ್ಮಲೂ ಅಪ್ಪಣೆ ಕೇಳುವ ಗಂಡ ಹೀಗೆ ಹೇಳಿಯಾನೆಂದು ವೈಜಯಂತಿ ಕನಸಿನಲ್ಲೂ ಎಣಿಸಿರಲಿಲ್ಲ. ಆದರೆ ಮೆಚ್ಚಿಕೊಂಡು ನಿಲ್ಲಲು ಪುರುಸೊತ್ತಿರಲಿಲ್ಲ. ಅತ್ತೆಯ ಬಳಿ ಹೋಗಿ ಕೈಯೊಡ್ಡಿದಳು.

“ಕೊಡಲ್ಲ,” ಎಂದರು ಲೀಲಾವತಮ್ಮ. “ಒಂದು ನೀನು ತಗೊಂಡೆ. ಒಂದಾದ್ರೂ ನನ್ನ ಹತ್ರ ಇರ್ಲಿ.”

“ನಿಮ್ಮ ಹತ್ರಾನೇ ಇರುತ್ತೆ. ಒಂದು ನಿಮಿಷ ಕೊಡಿ, ಸಾಕು.”

ತಲೆಯಿಂದ ಹೇರ್‌ಪಿನ್ ಕಿತ್ತು, ಕೀಯ ಬೆನ್ನಿನ ಮುಚ್ಚಳ ಎಬ್ಬಿಸಿ, ಒಳಗಿದ್ದ ಬಿಲ್ಲೆಯಂಥ ಬ್ಯಾಟರಿಯನ್ನು ಉದುರಿಸಿಕೊಂಡಳು. ಗುಂಡಿಗೆ ಬ್ಯಾಟರಿ ಬೇಕು, ಚಿಪ್ಪಿಗೆ ಬೇಡ. ಮ್ಯಾನ್ಯುವಲ್ಲಿನಲ್ಲಿ ಅದೂ ಇದೆಯೆಂದು ಅನನ್ಯಾ ಹಿಂದಿನಿಂದ ಓದಿ ಹೇಳಿದಳು.

“ಏನೋ ಕಿತ್ತೆಯಲ್ಲ?”

“ಬಾಯಿ ಕಿತ್ತೆ ಅತ್ತೆ. ಇನ್ನು ಕೂಗಲ್ಲ. ನನ್ನ ಕೀ ಕಳೆದುಹೋದ್ರೆ ಇದರಿಂದಾನೇ ಗಾಡಿ ಹೊರಡಬೇಕು. ಭದ್ರವಾಗಿಟ್ಟಿರಿ.”

ಲೀಲಾವತಮ್ಮ ಅದನ್ನು ತಿರುಗಿಸಿ ಮುರುಗಿಸಿ ನೋಡಿ ಸೊಂಟಕ್ಕೆ ಸೇರಿಸಿದರು. ಬೇಕೆಂದೇ ಒಮ್ಮೆ ಬಗ್ಗಿದರು. ಪಿಕಪ್ಪು ಸುಮ್ಮನಿತ್ತು.

ಸಾಹೇಬರು ಕಾರಿನಲ್ಲಿ ಕೂತು ಚಿಕ್ಕದಾಗಿ ಹಾರ್ನ್ ಮಾಡಿದರು. ವೈಜಯಂತಿ ಪಿಕಪ್ಪು ಹತ್ತಿ, ಎಂಜಿನ್ ಶುರು ಮಾಡಿ, ಕಿಟಕಿಯಿಂದ ಮೊಣಕೈ ಹೊರಗಿಟ್ಟಳು.

“ಫೋನ್ ಮಾಡಿ.”

“ಯಾರಿಗೆ?”

“ಸಂಜೆ ಬರೋವ್ನಿಗೆ.”

“ಆಮೇಲೆ ಮಾಡ್ತೀನಿ ಮಾರಾಯ್ತಿ. ಸಾಹೇಬ್ರು ಕಾಯ್ತಿದಾರೆ, ಮೊದಲು ಗಾಡಿ ತೆಗಿ.”

“ಕಾಯ್ಲಿ. ನನ್ನ ಬಿಸಿಬೇಳೆ ಬಾತೂ ಕಾಯ್ತಿದೆ, ಬಸುರಿ ಹುಡುಗೀನೂ ಕಾಯ್ತಿದಾಳೆ. ನೀವು ಫೋನ್ ಮಾಡೋ ತನಕ ಎಲ್ಲರೂ ಕಾಯೋಣ.”

ಹಾರ್ನ್ ಇನ್ನೊಮ್ಮೆ ಕೇಳಿತು, ಈ ಸಲ ಚಿಕ್ಕದಾಗಿ ಅಲ್ಲ. ರಾಘವ ಬೆವರುತ್ತ ಜೇಬಿನಿಂದ ಫೋನ್ ತೆಗೆದ. “ಹಾಂ ಭಯ್ಯಾ... ಹಾಂ, ವಹೀ ಪಿಕಪ್... ಆನಾ ಮತ್. ನಹೀ ಬೇಚ್‌ನೀ ಹೈ... ಖರಾಬೀ?” ತಾಯಿಯ ಕಡೆ ನೋಡಿ, ಗಾಡಿಯಲ್ಲಿ ದೋಷವೇ ಇರಲಿಲ್ಲವೆಂದು ದನಿ ಇಳಿಸಿ ಹೇಳಿದ. “ಖರಾಬೀ ಥೀ ಹೀ ನಹೀ.”

“ಏನಂತೆ? ಯಾರ ಹತ್ರ ಮಾತು?” ಲೀಲಾವತಮ್ಮ ಕೇಳಿದರು.

“ಗಾಡಿ ಮಾರಲ್ಲ ಅಂತ ಹೇಳಿದ್ರು ಅತ್ತೆ,” ವೈಜಯಂತಿ ಗೇರ್ ಹಾಕುತ್ತ ಹೇಳಿದಳು.

“ಮಾರೋದಾ?” ಲೀಲಾವತಮ್ಮ ಮಗನನ್ನು ಮೇಲಿಂದ ಕೆಳಗೆ ನೋಡಿದರು. “ಬೀಗದ ಕೈ ನನ್ನ ಹತ್ರ ಇರುವಾಗ ಇವನು ಹ್ಯಾಗೆ ಮಾರ್ತಾನಂತೆ?”

ಇದನ್ನು ಒಂದು ವಾರ ಮೊದಲೇ ಹೇಳಬಾರದಿತ್ತೇ ಎಂದುಕೊಳ್ಳುತ್ತ ವೈಜಯಂತಿ ಗಾಡಿ ತಿರುಗಿಸಿ ಸಾಹೇಬರಿಗೆ ದಾರಿ ಬಿಟ್ಟಳು. ಆಮೇಲೆ ಮುನಿರ್ಕಾದ ಕಡೆ ಹೊರಟಳು.