ಹೊನ್ನವ್ವನ ಮೆಣಸಿನಕಾಯಿ, ಸಿದ್ದಲಿಂಗಪ್ಪನ ಮೊಬೈಲು

ಅಗಡಿಯ ಸಿದ್ದಲಿಂಗಪ್ಪ ಈಚೆಗೆ ಹೊನ್ನವ್ವನ ಮನೆ ಮುಂದೆ ಹಾಯದೆ ಸುತ್ತುಬಳಸಿ ಹೊಲಕ್ಕೆ ಹೋಗುತ್ತಿದ್ದ. ಅವಳಿಗೆ ಮುಖ ತೋರಿಸಲು ನಾಚಿಕೆ.

ಆ ವರ್ಷ ಮೆಣಸಿನಕಾಯಿ ಪೇಟೆಗೆ ಕಂಪ್ಯೂಟರ್ ಹರಾಜು ಬಂದಿತ್ತು. ದರ ಮೊಬೈಲಿಗೆ ಬರುತ್ತದೆ. ಒಂದು ತಾಸಿನೊಳಗೆ ಬೇಡ ಎನ್ನದಿದ್ದರೆ ಒಪ್ಪಿದಂತೆ. ಒಂದು ಸುಗ್ಗಿ ನಡೆಸಿ ನೋಡಿ, ಆಮೇಲೆ ನಿಯಮ ಕಾಯಂ. ಫೋನಿಲ್ಲದ ಹೊನ್ನವ್ವ ಸಿದ್ದಲಿಂಗಪ್ಪನ ನಂಬರು ಕೊಟ್ಟಿದ್ದಳು. ಮೆಸೇಜು ಬಂತು, ಇಂಗ್ಲಿಷಿನಲ್ಲಿ. ಯಾವುದೋ ಜಾಹೀರಾತೆಂದು ಅವನು ಅಳಿಸಿಬಿಟ್ಟ. ತಾಸು ಕಳೆಯಿತು, ಪೇಟೆಗೆ ಹಾಕಿದ್ದ ಅವಳ ಅರ್ಧ ಕಾಯಿ ಮಣ್ಣಿನ ಬೆಲೆಗೆ ಹೋಯಿತು.

ಹೊನ್ನವ್ವ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು. ಅವನ ತಪ್ಪು ಅಷ್ಟೇ ಆಗಿರಲಿಲ್ಲ. ನಿಯಮ ಬರೆಯುವ ಮುಂಚೆ ಹಾವೇರಿಯಲ್ಲಿ ಸಭೆ ಕರೆದು ರೈತರ ಅಭಿಪ್ರಾಯ ಕೇಳಿದ್ದರು. ಊರ ಪರವಾಗಿ ಹೋದವನು ಇವನೇ. ಹಾರ ಹಾಕಿ ಮುಂದಿನ ಕುರ್ಚಿಯಲ್ಲಿ ಕೂರಿಸಿದರು. ದೂರದಿಂದ ಬಂದ ಸಾಹೇಬರ ಮಾತಿಗೆ ಅಡ್ಡ ಮಾತಾಡುವುದು ಚೆಂದವಲ್ಲವೆಂದು, ತಿಳಿಯದಿದ್ದರೂ ಎಲ್ಲ ಬರೋಬರಿ ಐತ್ರಿ ಎಂದು ಕೈಮುಗಿದು ಬಂದಿದ್ದ.

ಮಹಿಳಾ ಸಂಘದ ಶೈಲಶ್ರೀ ಒಂದು ದಿನ ಅವನ ಮನೆಗೇ ಬಂದಳು. ನಿಯಮ ಕಾಯಂ ಮಾಡುವ ಮುಂಚೆ ಮತ್ತೆ ಸಭೆ ಇದೆ, ಹೊನ್ನವ್ವನ ಉಳಿದ ಚೀಲಗಳು ಇನ್ನೂ ಕೋಲ್ಡ್ ಸ್ಟೋರೇಜಿನಲ್ಲಿವೆ ಎಂದಳು.

"ಸರ್ಕಾರ ಬರದದ್ದನ್ನ ನಮ್ಮಂಥಾವ್ರು ತಿದ್ದಾಕ ಆಗ್ತದೇನವಾ?"

"ಅವರಿಗೆ ಕಂಪ್ಯೂಟರ್ ಗೊತ್ತದ ಕಾಕಾ. ನಮ್ಮೂರಾಗ ಫೋನ್ ಯಾರ ಕೈಯಾಗ ಅದ ಅಂತ ನಾವು ಹೇಳಿದ್ರ ತಾನ ಗೊತ್ತಾಗೂದು? ಈ ಸಲ ಹಾರ ತಗದು ಬದಿಗಿಟ್ಟು ಮಾತಾಡ್ರಿ."

ಅವನ ತಲೆ ತಗ್ಗಿತು. "ನಾ ಒಬ್ಬನ ಹೋದ್ರ ಮತ್ತ ಹೂಂ ಅಂದು ಬರ್ತೇನಿ" ಎಂದು ಎದ್ದವನು ನೆಟ್ಟಗೆ ಹೊನ್ನವ್ವನ ಬಾಗಿಲಿಗೆ ಹೋದ.

ಸಭೆಗೆ ಅವಳನ್ನೂ ಕರೆದುಕೊಂಡು ಹೋದ. ಅಲ್ಲಿ ಹೊನ್ನವ್ವ ಎದ್ದು ನಿಂತಳು. "ನನ್ನ ಕಡೆ ಫೋನಿಲ್ರಿ. ಇದ್ರೂ ಓದಾಕ ಬರೂದಿಲ್ಲ. ಸುಮ್ನದಾಳ ಅಂದ್ರ ಒಪ್ಯಾಳ ಅಂತ ಹೆಂಗ ತಿಳಕೊಂಡ್ರಿ? ನಾ ಹೂಂ ಅಂದ ಮ್ಯಾಲ ಮಾರ್ರಿ."

ಹಿಂದಿನ ಸಾಲಿನಿಂದಲೂ ಹೆಂಗಸರು ಹೌದೌದು ಎಂದರು. ಸಾಹೇಬರು ಬರೆದುಕೊಂಡರು. ಕಾಯಂ ಆದ ನಿಯಮದಲ್ಲಿ ಮೆಸೇಜು ಕನ್ನಡದಲ್ಲಿ, ದರ ಮೈಕಿನಲ್ಲಿ, ರೈತರು ಬಾಯಿಬಿಟ್ಟು ಒಪ್ಪದೆ ಮಾರಾಟವಿಲ್ಲ. ಉಳಿದ ಚೀಲಗಳಿಗೆ ಬಂದ ಮೊದಲ ದರಕ್ಕೆ ಹೊನ್ನವ್ವ ಬೇಡವೆಂದಳು, ಮುಂದಿನ ವಾರ ಹೂಂ ಎಂದಳು. ಹೋದ ಅರ್ಧ ಮಾತ್ರ ಹೋಗಿಯೇ ಹೋಯಿತು. ಸಿದ್ದಲಿಂಗಪ್ಪನಿಗೆ ಅದು ಇವತ್ತಿಗೂ ಚುಚ್ಚುತ್ತದೆ.

ಅಕ್ಕಂದಿರೇ, ಅಣ್ಣಂದಿರೇ, ಮೊಬೈಲಿಗೆ, ಕಂಪ್ಯೂಟರಿಗೆ ಸರ್ಕಾರ ನಿಯಮ ಮಾಡುವಾಗ ನಿಮ್ಮ ಅಭಿಪ್ರಾಯ ಕೇಳಿದರೆ ತಪ್ಪದೆ ಹೋಗಿ. ಕೇಳದಿದ್ದರೆ, ಕೇಳಿರೆಂದು ಅರ್ಜಿ ಕೊಡಿ. ತಿಳಿಯದ್ದನ್ನು ಎರಡು ಸಲ ಕೇಳಿ, ಅದರಲ್ಲಿ ಅವಮಾನವಿಲ್ಲ. ಆ ನಿಯಮದಿಂದ ಯಾರಿಗೆ ಹೆಚ್ಚು ತೊಂದರೆಯೋ ಅವರನ್ನು ಜೊತೆಗೆ ಕರೆದುಕೊಂಡು ಹೋಗಿ.