ಹಾಗಲಕಾಯಿ ತಿಂದ ಮಗಳು

ನಾನು ಜೋಗುಳ ಹಾಡಿದರೆ ಮಲಗುವುದು ನನ್ನ ಮಗಳೊಬ್ಬಳೇ ಅಲ್ಲ, ಒಂಟಿಕೊಪ್ಪಲಿನ ಮೂರು ಬೀದಿಗಳು ಮಲಗಿಬಿಡುತ್ತವೆ. ಕಳೆದ ತಿಂಗಳು ಒಂದಿಷ್ಟು ಗಟ್ಟಿಯಾಗಿ ಹಾಡಿದ್ದಕ್ಕೆ ಮಾರನೆಯ ದಿನ ಹಾಲು ಬಂದದ್ದು ಮಧ್ಯಾಹ್ನ. ಹಾಲಿನವನು ಸ್ಕೂಟರಿನ ಮೇಲೆ ಕೂತಲ್ಲೇ ಗೊರಕೆ ಹೊಡೆಯುತ್ತಿದ್ದನಂತೆ.

ಇಂಥ ತಂದೆಯ ಕೈಗೆ ನಾಲ್ಕು ವರ್ಷದ ಸಮನ್ವಿತಾಳನ್ನು ಒಪ್ಪಿಸಿ ನನ್ನ ಹೆಂಡತಿ ಶಾರದ ಎರಡು ವಾರಕ್ಕೆ ಹುಬ್ಬಳ್ಳಿಗೆ ಹೋದಳು. ಅಲ್ಲಿಯ ಕಾರ್ಖಾನೆಯೊಂದರಲ್ಲಿ ಹೊಸ ಯಂತ್ರ ಕೂರಿಸುವ ಕೆಲಸ. ತಂಡಕ್ಕೆ ಮೊದಲ ಸಲ ಅವಳೇ ಮುಖ್ಯಸ್ಥೆ. ನಡುವೆ ಬಿಟ್ಟು ಬಂದರೆ ಆ ಜಾಗದಲ್ಲಿ ಕೂರಲು ಸುಂದರೇಶ ಎಂಬ ಸಹೋದ್ಯೋಗಿ ಬ್ಯಾಗು ಕಟ್ಟಿಕೊಂಡೇ ಕಾಯುತ್ತಿದ್ದ. ಅವಳು ಹೊರಟು ಬರದಂತೆ ನೋಡಿಕೊಳ್ಳುವುದು ನನ್ನ ಜವಾಬ್ದಾರಿ.

ದಿನಾ ಸಂಜೆ ಫೋನಿನಲ್ಲಿ ವರದಿ ಒಪ್ಪಿಸಿದೆ. ಮಗಳು ಕೋಳಿಗಿಂತ ಮೊದಲೇ ಎದ್ದು ಹಾಸಿಗೆ ಮಡಚುತ್ತಾಳೆ. ನಾನು ಹಾಕಿದ ಜಡೆ ನೋಡಲು ಶಿಶುವಿಹಾರದ ಮಿಸ್ಸುಗಳು ಸಾಲುಗಟ್ಟಿ ನಿಲ್ಲುತ್ತಾರೆ. ಒಂದು ಸಂಜೆಯಂತೂ, ನಾನು ಮಾಡಿದ ಹಾಗಲಕಾಯಿ ಗೊಜ್ಜನ್ನು ಕೇಳಿ ಕೇಳಿ ಬಡಿಸಿಕೊಂಡು, ತಟ್ಟೆಯನ್ನೂ ತಾನೇ ತೊಳೆದಿಟ್ಟಳು ಎಂದೆ.



“ಹಾಗಲಕಾಯಿ ತಿಂದ್ಳಾ? ರೀ, ಮಗೂಗೆ ಜ್ವರ ಏನಾದ್ರೂ ಇದ್ಯಾ?”

“ಗುಂಡುಕಲ್ಲಿನ ಹಾಗಿದಾಳೆ ಕಣೇ.”

“ಹಟ ಇಲ್ಲ, ಅಳು ಇಲ್ಲ, ತಟ್ಟೆ ಬೇರೆ ತೊಳೀತಾಳೆ. ಏನೋ ಮುಚ್ಚಿಡ್ತಿದೀರಿ. ವಿಡಿಯೋದಲ್ಲಿ ತೋರ್ಸಿ.”

ಹೋಗಿ ಮಗಳನ್ನು ಎತ್ತಿಕೊಂಡು ಬಂದು ತೋರಿಸಿದೆ. ಅವಳ ಹಣೆಯ ತುಂಬ ಮೂರು ಪಟ್ಟೆ ವಿಭೂತಿ. ನಮ್ಮದು ಗೋಪೀಚಂದನದ ಮನೆ. ಹುಡುಕಿದರೂ ಒಂದು ಚಿಟಿಕೆ ವಿಭೂತಿ ಸಿಗುವುದಿಲ್ಲ.

“ನಾನೇ ಇಟ್ಟೆ,” ಎಂದೆ. “ದೃಷ್ಟಿ ಆಗ್ದೇ ಇರ್ಲಿ ಅಂತ.”

“ಮನೇಲಿಲ್ಲದ ವಿಭೂತಿ ಎಲ್ಲಿಂದ ಬಂತು? ಯಾರ ಹತ್ರ ಮಂತ್ರಿಸ್ಕೊಂಡು ಬಂದ್ರಿ? ಅಷ್ಟು ಜ್ವರಾನಾ? ನಾನು ಇವತ್ತೇ ರೈಲು ಹತ್ತೀನಿ. ಸುಂದರೇಶಂಗೆ ಫೋನ್ ಮಾಡ್ಬಿಡ್ತೀನಿ.”

ಅಷ್ಟರಲ್ಲಿ ಎದುರು ಮನೆಯ ಪುಟ್ಟಬಸಮ್ಮನವರು ಬಾಗಿಲಿಗೆ ಬಂದರು.

“ಏನಪ್ಪಾ, ಉಣ್ಣೋ ಮಗೀನ ಎತ್ಕೊಂಡ್ ಬಂದ್ಬುಟ್ಟೆ? ನಿನ್ ಮುದ್ದೆನೂ ಆರೋಯ್ತದೆ, ಬಾ.”

“ಯಾರ್ರೀ ಅದು?” ಎಂದಳು ಶಾರದ.

ಪುಟ್ಟಬಸಮ್ಮನವರು ಬಂದದ್ದಕ್ಕೂ ಒಂದು ಕಥೆ ಕಟ್ಟಬಹುದಿತ್ತು. ಆದರೆ ಸುಂದರೇಶನ ಬ್ಯಾಗು ಕಣ್ಣ ಮುಂದೆ ಬಂತು.

“ಶಾರೀ, ಹೊರಡ್ಬೇಡ. ಜ್ವರ ಇಲ್ಲ, ಮಂತ್ರಾನೂ ಇಲ್ಲ. ನೀನು ಹೋದಾಗಿಂದ ಇವಳ ಸ್ನಾನ, ಜಡೆ, ಊಟ, ನಿದ್ದೆ ಎಲ್ಲಾ ಬಸಮ್ಮನವರ ಮನೇಲೇ. ಅವರು ಪೂಜೆ ಮುಗಿಸಿದ್ರೆ ಇವಳೇ ಹೋಗಿ ವಿಭೂತಿಗೆ ಹಣೆ ಒಡ್ತಾಳೆ. ಹಾಗಲಕಾಯಿ ನೋಡಿ ಮಂಚದ ಕೆಳಗೆ ಸೇರ್ಕೊಂಡ್ಲು. ನಿನ್ನೆ ಅಮ್ಮ ಬೇಕು ಅಂತ ರಂಪ ಮಾಡಿ ಅತ್ಲು.”

“ಅತ್ಲಾ?” ಶಾರದಳ ದನಿ ಹಗುರಾಯಿತು. “ಸದ್ಯ! ಹಾಗಿದ್ರೆ ಮಗು ಚೆನ್ನಾಗಿದೆ. ನಾನು ಕೆಲಸ ಮುಗಿಸ್ಕೊಂಡೇ ಬರ್ತೀನಿ. ಮತ್ತೆ ನಿಮ್ಮ ಊಟ?”

“ನಾನೂ ಅಲ್ಲೇ ಕಣೇ,” ಎಂದೆ. “ಅವಳು ಹೊಂದ್ಕೊಳ್ಳೋಕೆ ಒಂದು ದಿನ ಹಿಡೀತು. ನಂಗೆ ಅದೂ ಬೇಕಾಗ್ಲಿಲ್ಲ.”