ಈಶಾನ್ಯ ಮೂಲೆಯ ಗುಡಾರ

ಎಡಗಡೆಯ ಕೋಲು ಮತ್ತೆ ಜಾರಿತು. ಆಗಷ್ಟೇ ಎದ್ದು ನಿಂತಿದ್ದ ಗುಡಾರ ಒಂದು ಮಗ್ಗುಲಿಗೆ ವಾಲಿಕೊಂಡು, ಒಳಗಿದ್ದ ಸೊಣ್ಣಮ್ಮನ ತಲೆಯ ಮೇಲೆಯೇ ಕೂತಿತು.

"ಅಮ್ಮ, ಬಿಡಬೇಡ, ಹಿಡ್ಕೋ," ಎಂದಳು ಮಗಳು ಶೃತಿ, ಹೊರಗೆ ಗೂಟ ಹೊಡೆಯುತ್ತಾ.

"ಹಿಡ್ಕೊಂಡೇ ಇದ್ದೀನಿ ಕಣೆ. ಇದೇನು ಕೋಲೋ, ಮುಟ್ಟಿದ್ರೆ ಕುಗ್ಗುತ್ತೆ."

"ಆಫರಲ್ಲಿ ಸಿಕ್ತು ಅಂತ ತಗೊಂಡಿದ್ದು. ಬೆಟ್ಟ ಹತ್ತೋಕೆ ಸಾಕಾಗಿತ್ತು. ಮಾವನ್ನ ತಡೆಯೋಕೆ ಬೇಕಾಗುತ್ತೆ ಅಂತ ಯಾರಿಗೆ ಗೊತ್ತಿತ್ತು?"

ಹೊರಲು ಹಗುರವಾಗಿರಲಿ ಎಂದು ಆ ಗುಡಾರಕ್ಕೆ ಕಂಬಗಳನ್ನೇ ಕೊಟ್ಟಿರಲಿಲ್ಲ. ಬೆಟ್ಟ ಹತ್ತುವಾಗ ಊರಿಕೊಂಡು ಹೋದ ಎರಡು ಕೋಲುಗಳನ್ನೇ ಆಮೇಲೆ ಒಳಗೆ ನಿಲ್ಲಿಸಿಕೊಳ್ಳಬೇಕು. ಮಡಚುವ ಛತ್ರಿಯ ಕಾವಿನ ಹಾಗೆ ಒಂದರೊಳಗೊಂದು ಕೂರುವ ಕೋಲುಗಳು. ಎಷ್ಟು ತಿರುಚಿ ಬಿಗಿ ಮಾಡಿದರೂ, ಬಟ್ಟೆ ಎಳೆದು ಕಟ್ಟಿದ ಕೂಡಲೇ ಕೆಳಗಿನ ತುಂಡು ಮೇಲಿನದರೊಳಗೆ ನುಸುಳಿಬಿಡುತ್ತಿತ್ತು. ಕಡಿಮೆ ಬೆಲೆಯ ಮಾಲು, ಇನ್ನೇನು ಮಾಡೀತು?

ಗುಡಾರ ಯಾಕೆ ಬೇಕಿತ್ತು ಅಂದರೆ, ಶೆಡ್ಡು ಹಾಕಲು ಯಾರೂ ಬರಲಿಲ್ಲ. ಜರಗನಹಳ್ಳಿಯಲ್ಲಿ ಖಾಲಿ ಜಾಗಕ್ಕೆ ತಕರಾರು ಬಂದರೆ, ಮೊದಲು ಯಾರು ನಾಲ್ಕು ಶೀಟು ಹೊದಿಸಿ ಒಳಗೆ ಕೂರುತ್ತಾರೋ ಅವರ ಕೈ ಮೇಲು. ಅಲ್ಲೇ ಹುಟ್ಟಿ ಬೆಳೆದ ಸೊಣ್ಣಮ್ಮನಿಗೆ ಅದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಆದರೆ ಅಣ್ಣ ರಾಮಯ್ಯನ ಮಾತು ಮೀರಿ ಅವಳಿಗೆ ಒಂದು ಶೀಟು, ಒಂದು ಸರ್ವೆ ಮರ ಕೊಡುವವರು ಇರಲಿಲ್ಲ. ಶೆಡ್ಡು ಹಾಕುವವನು, "ನಿಮ್ಮಣ್ಣನ್ನ ಎದುರು ಹಾಕ್ಕೊಂಡು ಈ ಏರಿಯಾದಲ್ಲಿ ಬದುಕೋಕಾಗಲ್ಲ ಅಕ್ಕ," ಎಂದು ಫೋನಿಟ್ಟಿದ್ದ. ಆಗ ಶೃತಿ ಅಟ್ಟದ ಮೇಲಿಂದ ಗುಡಾರ ಇಳಿಸಿದ್ದಳು.

ಈ ಜಾಗ ಸೊಣ್ಣಮ್ಮನ ಮದುವೆಯ ಚಪ್ಪರದಲ್ಲಿ ಅವಳಪ್ಪ ಹತ್ತು ಜನರೆದುರು ಕೊಟ್ಟದ್ದು. ಆಗ ರಾಗಿ ಹೊಲದ ಅಂಚು. 'ಇದು ನನ್ನ ಮಗಳ ಅರಿಶಿನ ಕುಂಕುಮಕ್ಕೆ' ಅಂದಿದ್ದ. ಹೆಣ್ಣುಮಕ್ಕಳಿಗೆ ಹಾಗೆಯೇ ಕೊಡುತ್ತಿದ್ದದ್ದು. ಪತ್ರ ಗಿತ್ರ ಯಾರೂ ಕೇಳುತ್ತಿರಲಿಲ್ಲ. ಕಳೆದ ವರ್ಷ ಗಂಡ ತೀರಿಕೊಂಡ. ತಿಥಿಯ ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತಲೇ ರಾಮಯ್ಯ, "ಅರಿಶಿನ ಕುಂಕುಮಕ್ಕೆ ಅಂತ ಕೊಟ್ಟಿದ್ದು. ಅದೇ ಹೋದ ಮೇಲೆ ಜಾಗ ಮನೆಗೆ ವಾಪಸ್ ಬರಬೇಕು," ಅಂದುಬಿಟ್ಟ. ತನ್ನ ಮಗ ಲಿಖಿತನಿಗೆ ಅಲ್ಲಿ ಪೀಜಿ ಕಟ್ಟಿಸಿಕೊಡುವ ಯೋಚನೆ ಅವನದು. ತ್ಯಾಗರಾಜನಗರದಲ್ಲಿ ಸೊಣ್ಣಮ್ಮ ಇದ್ದದ್ದು ಬಾಡಿಗೆ ಮನೆ. ಈ ಜಾಗವೂ ಹೋದರೆ ತನ್ನದು ಅಂತ ಹೇಳಿಕೊಳ್ಳಲು ಅವಳಿಗೆ ಒಂದು ಹಿಡಿ ಮಣ್ಣಿರಲಿಲ್ಲ.

ಇವತ್ತು ಸೋಮವಾರ, ರಾಮಯ್ಯ ಗುದ್ದಲಿ ಪೂಜೆ ಇಟ್ಟುಕೊಂಡಿದ್ದ. ಏಳೂವರೆಗೆ ರಾಹುಕಾಲ ಹುಟ್ಟುವ ಮೊದಲು, ಈಶಾನ್ಯ ಮೂಲೆಯಲ್ಲಿ ಗುದ್ದಲಿ ಬೀಳಬೇಕು. ಇದು ತಪ್ಪಿದರೆ ಬೇರೆ ಮುಹೂರ್ತವಿಲ್ಲ, ಮುಂದೆ ಆಷಾಢ. ಅಷ್ಟು ದಿನ ಸಿಕ್ಕರೆ ಕೋರ್ಟಿನಿಂದ ತಡೆ ತರುತ್ತೇನೆ ಎಂದು ಜಯನಗರದ ವಕೀಲರು ಹೇಳಿದ್ದರು. ಅದಕ್ಕೇ ಸೊಣ್ಣಮ್ಮ ಬೆಳಕು ಹರಿಯುವ ಮೊದಲೇ ಬಂದು, ಇಷ್ಟು ದೊಡ್ಡ ಜಾಗದಲ್ಲಿ ಬೇರೆಲ್ಲ ಬಿಟ್ಟು ಈಶಾನ್ಯ ಮೂಲೆಯಲ್ಲೇ ಗುಡಾರ ಹಾಕಿಸಿದ್ದಳು.

ಸೊಣ್ಣಮ್ಮನ ಚೀಲದಲ್ಲಿ ಗೋಣಿ ದಾರವಿತ್ತು. ಬಲಗಡೆಯ ಕೋಲಿನ ಸಂದಿಗೆ, ಕೆಳಗಿನ ತುಂಡಿನ ಮೇಲೆ ಅದನ್ನು ಒತ್ತೊತ್ತಾಗಿ ಸುತ್ತಿ ಗಂಟು ಹಾಕಿದಳು. ದಾರದ ಗಡ್ಡೆ ಅಡ್ಡ ಬಂದು ಕೋಲು ಒಳಗೆ ನುಸುಳುವುದು ನಿಂತಿತು. ಎಡಗಡೆಯದಕ್ಕೆ ದಾರ ಸಾಲಲಿಲ್ಲ. ಅಷ್ಟರಲ್ಲಿ ಕಾರಿನ ಬಾಗಿಲು ಬಡಿದ ಸದ್ದಾಯಿತು.

"ಏನೇ ಇದು ಕೋಡಂಗಿ ವೇಷ?" ರಾಮಯ್ಯನ ಗಂಟಲು. ಅವನ ಹಿಂದೆ ಇಬ್ಬರು ಗಾರೆಯವರು, ಪೂಜೆಯ ಬುಟ್ಟಿ ಹಿಡಿದ ಪುರೋಹಿತ ಗಂಗಾಧರಯ್ಯ. "ಸೊಣ್ಣಿ, ಎದ್ದು ಬಾ ಈಚೆಗೆ. ಜನ ನೋಡ್ತಾ ಅವ್ರೆ. ಮಾನ ಮರ್ಯಾದೆ ಐತಾ ಇಲ್ವಾ?"

"ಐತೆ. ಅದಕ್ಕೇ ಕೂತಿರೋದು."

"ನಿನಗ್ಯಾಕಮ್ಮ ಇನ್ನು ಈ ಜಾಗ? ಅಪ್ಪ ಯಾತಕ್ಕೆ ಕೊಟ್ಟಿದ್ದು ಅಂತ ಗೊತ್ತಿಲ್ವಾ?"

ಸೊಣ್ಣಮ್ಮ ಎರಡೂ ಕೈಯಲ್ಲಿ ಎಡಗಡೆಯ ಕೋಲಿನ ಸಂದಿಯನ್ನು ಅಮುಕಿ ಹಿಡಿದುಕೊಂಡೇ ಮಾತಾಡಿದಳು. "ಅಣ್ಣ, ಅರಿಶಿನ ಕುಂಕುಮ ನಾನು ಹುಟ್ಟಿದಾಗಿಂದ ಇಟ್ಕೊಂಡಿದ್ದೆ. ಅವರು ತಾಳಿ ಕಟ್ಟಿದ ದಿನ ಬಂದಿದ್ದಲ್ಲ. ಅಪ್ಪ ಕೊಟ್ಟಿದ್ದು ಮಗಳಿಗೆ, ಅಳಿಯನಿಗಲ್ಲ. ಮಗಳು ಇನ್ನೂ ಸತ್ತಿಲ್ಲ."

ಬೀದಿಯಲ್ಲಿ ಹಾಲಿಗೆ ಹೊರಟಿದ್ದ ಹೆಂಗಸರು ನಿಂತರು. ಸೊಣ್ಣಮ್ಮ ಬಿಡಲಿಲ್ಲ. "ಅಯ್ನೋರೇ, ನನ್ನ ಮದುವೆ ಮಾಡಿಸಿದ್ದು ನೀವು. ಚಪ್ಪರದಲ್ಲಿ ಅಪ್ಪ ಏನಂದ್ರು, ನೀವೇ ಹೇಳಿ."

ಗಂಗಾಧರಯ್ಯ ಬುಟ್ಟಿಯನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದರು. "ಟೈಮಾಗ್ತಾ ಬಂತು ಗೌಡ್ರೆ," ಅಂದರು, ಅಷ್ಟೇ.

ಕಿತ್ತು ಹಾಕಿ ಎಂದು ರಾಮಯ್ಯ ಗಾರೆಯವರಿಗೆ ಹೇಳಿದ. ಅವರು ಸೊಪ್ಪು ಹಾಕಲಿಲ್ಲ. "ಒಳಗೆ ಹೆಣ್ಮಗಳು ಕೂತವ್ರೆ ಸಾರ್, ಹೆಂಗೆ ಕೀಳೋದು?" ಎಂದ ಒಬ್ಬ. ರಾಮಯ್ಯ ತಾನೇ ನುಗ್ಗಿದ. ಅಡ್ಡ ಬಂದ ಶೃತಿಯನ್ನು ಪಕ್ಕಕ್ಕೆ ದೂಡಿ ಮೂಲೆಯ ಹಗ್ಗ ಹಿಡಿದು ಜಗ್ಗಿದ. ಗೂಟ ಕಿತ್ತುಕೊಂಡು ಬಂತು. ಎಡಗಡೆಯ ಕೋಲು ಸರ್ರನೆ ಕುಗ್ಗಿ, ಆ ಬದಿಯ ಬಟ್ಟೆಯೆಲ್ಲ ಸೊಣ್ಣಮ್ಮನ ಮೇಲೆ ಕುಸಿಯಿತು.

ಒಳಗೆ ಉಸಿರು ಕಟ್ಟಿತು. ಒಂದು ಗಳಿಗೆ ಅವಳಿಗೆ ಅಳು ಬಂತು, ಭಯವೂ ಆಯಿತು. ಒಡಹುಟ್ಟಿದವನು, ಎತ್ತಿ ಆಡಿಸಿದವನು. ಆಮೇಲೆ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಕೋಲಿಗೆ ತಡಕಾಡಿದಳು. ಸಿಕ್ಕಿತು. ಕುಗ್ಗಿದ ತುಂಡನ್ನು ಹೊರಗೆಳೆದು, ಬುಡವನ್ನು ಪಾದದಿಂದ ಒತ್ತಿ, ಸಂದಿಯನ್ನು ಮುಷ್ಟಿಯಲ್ಲಿ ಹಿಡಿದು ಮೇಲಕ್ಕೆ ನೂಕಿದಳು. ಮೊಣಕಾಲು ನೋಯಿತು. ನೋಯಲಿ ಎಂದುಕೊಂಡು ಇನ್ನೂ ನೂಕಿದಳು. ಬಟ್ಟೆ ಮುಖ ಬಿಟ್ಟು, ತಲೆ ಬಿಟ್ಟು, ಮೆಲ್ಲಗೆ ಮೇಲೆದ್ದಿತು.

"ಇನ್ನು ಆಗಲ್ಲ ಗೌಡ್ರೆ. ರಾಹುಕಾಲ ಹುಟ್ತು," ಎಂದರು ಹೊರಗೆ ಗಂಗಾಧರಯ್ಯ.

ರಾಮಯ್ಯ ಏನೋ ಬೈದ. ಕಾರಿನ ಬಾಗಿಲು ಬಡಿಯಿತು. ಗಾರೆಯವರು ಗುದ್ದಲಿಯನ್ನು ಪಕ್ಕಕ್ಕೆ ಎಸೆದ ಸದ್ದಾಯಿತು, ಅವರ ಬೀಡಿಯ ವಾಸನೆ ಬಂತು. ಸೊಣ್ಣಮ್ಮ ಕೋಲಿನಿಂದ ಕೈ ತೆಗೆಯಲಿಲ್ಲ. ತೆಳ್ಳನೆಯ ಬಟ್ಟೆಯ ಆಚೆ ಶೃತಿಯ ನೆರಳು ಬಗ್ಗಿ, ಮಣ್ಣಿನಲ್ಲಿ ಒಂದು ಕಲ್ಲು ಹುಡುಕಿಕೊಂಡು, ಗೂಟವನ್ನು ಮತ್ತೆ ಹೊಡೆಯತೊಡಗಿತು.